ಗಟ್ಟಿಮೇಳದ ಕಣ್ಣೀರು

(ಯಶವಂತಪುರದ ಓದುಗರೊಬ್ಬರು ಬರೆದಿದ್ದಾರೆ. ವಯಸ್ಸು ನಲವತ್ತೆರಡು, ಮನೆಯಲ್ಲೇ ರವಿಕೆ ಹೊಲಿಯುತ್ತಾರೆ, ಜೊತೆಗೆ ಗೃಹರಕ್ಷಕ ದಳದಲ್ಲಿದ್ದಾರೆ. ಈ ಆಗಸ್ಟ್ 15ರಂದು ಮಾಣೆಕ್‌ಷಾ ಪರೇಡ್ ಮೈದಾನದಲ್ಲಿ ಮೊದಲ ಸಲ ಪಥಸಂಚಲನದಲ್ಲಿ ನಡೆದರು. ‘ದಾಹಿನೆ ದೇಖ್’ (ಬಲಕ್ಕೆ ನೋಡಿ) ಎಂದು ಕೂಗಿದಾಗ ಗಂಟಲು ಕಟ್ಟಿ ಕಣ್ಣು ತುಂಬಿತಂತೆ. ಮನೆಗೆ ಬಂದು ಹೇಳಿಕೊಂಡರೆ ಡಿಗ್ರಿ ಓದುವ ಮಗ ನಕ್ಕುಬಿಟ್ಟ: “ಅದು ದೇಶಭಕ್ತಿ ಅಲ್ಲಮ್ಮ, ಬ್ಯಾಂಡಿನ ಮಹಿಮೆ. ಮದುವೆಮನೇಲಿ ಓಲಗ ಊದಿದ್ರೂ ನೀನು ಅಳ್ತೀಯಲ್ಲ!” ಮಗ ಹೇಳಿದ್ದು ನಿಜವೇ ಎಂಬುದು ಅವರ ಮೊದಲ ಪ್ರಶ್ನೆ. ಇನ್ನೊಂದು: ಜನವರಿ 26ಕ್ಕೆ ಅವರನ್ನು ಬಲತುದಿಯ ಸಾಲಿಗೆ ಹಾಕುತ್ತಾರಂತೆ. ಆ ಸಾಲಿನವರು ತಲೆ ತಿರುಗಿಸುವಂತಿಲ್ಲ, ಬಾವುಟವೇ ಕಾಣುವುದಿಲ್ಲ. ಬೇರೆ ಸಾಲು ಕೇಳಲೇ?)

ಮಗ ಹೇಳಿದ್ದು ನಿಜ. ಆದರೆ ನಿಮ್ಮನ್ನು ಸೋಲಿಸಲೆಂದು ಅವನು ತಂದ ಹೋಲಿಕೆ ನಿಮ್ಮ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಪುರೋಹಿತರು ಕೈಯೆತ್ತಿ ‘ಗಟ್ಟಿಮೇಳ, ಗಟ್ಟಿಮೇಳ’ ಎನ್ನುತ್ತಾರೆ. ನಾಗಸ್ವರ, ಡೋಲು ಒಟ್ಟಿಗೆ ಭೋರ್ಗರೆಯುತ್ತವೆ. ಅಷ್ಟು ಹೊತ್ತೂ ಅಡುಗೆಯವರ ಲೆಕ್ಕ, ಬೀಗರ ಮುನಿಸು ಎಂದು ಓಡಾಡುತ್ತಿದ್ದ ಹೆಣ್ಣಿನ ತಾಯಿ ಆಗ ಸೆರಗನ್ನು ಕಣ್ಣಿಗೆ ಒತ್ತಿಕೊಳ್ಳುತ್ತಾಳೆ. ಆ ಕಣ್ಣೀರು ಡೋಲಿನವನದು ಎಂದು ಯಾರಾದರೂ ಅಂದದ್ದುಂಟೆ? ಊಟಕ್ಕೆಂದು ಬಂದು ಹಿಂದಿನ ಕುರ್ಚಿಯಲ್ಲಿ ಕೂತವನೂ ಅದೇ ಮೇಳ ಕೇಳಿದ. ಅವನು ಅಕ್ಷತೆ ಎಸೆದು ಪಂಕ್ತಿ ಹಿಡಿಯಲು ಎದ್ದ.

ಹೆಜ್ಜೆಯ ಮಹಿಮೆಯೂ ಸುಳ್ಳಲ್ಲ. ವಿಲಿಯಂ ಮೆಕ್‌ನೀಲ್ ಎಂಬ ಅಮೆರಿಕದ ಇತಿಹಾಸಕಾರ 1941ರಲ್ಲಿ ಸೈನ್ಯಕ್ಕೆ ಸೇರಿದಾಗ ಟೆಕ್ಸಾಸ್‌ನ ಬಿಸಿಲಲ್ಲಿ ಗಂಟೆಗಟ್ಟಲೆ ಕವಾಯತು ಮಾಡಬೇಕಾಯಿತು. ಅರ್ಥವಿಲ್ಲದ ಕೆಲಸ ಅನ್ನಿಸಿದರೂ ಒಳಗೊಳಗೇ ಹಿತವಾಗುತ್ತಿತ್ತು, ತಾನೇ ದೊಡ್ಡದಾಗಿ ಬೆಳೆದ ಹಾಗೆ. ಎಷ್ಟೋ ದಶಕಗಳ ನಂತರ ಆತ ಅದನ್ನೇ ಹಿಡಿದು ಯೋಚಿಸಿ, ಒಂದೇ ತಾಳಕ್ಕೆ ಮೈ ಆಡಿಸುವ ಜನ ಒಬ್ಬರಿಗೊಬ್ಬರು ಬೆಸೆದುಕೊಳ್ಳುತ್ತಾರೆ ಎಂದ. ನಾಟಿ ಹಾಡು ಹೇಳುವವರಿಗೆ, ಕೋಲಾಟದವರಿಗೆ, ಡೊಳ್ಳು ಕುಣಿತದವರಿಗೆ ಇದು ಹೊಸ ಸುದ್ದಿಯೇನಲ್ಲ. ‘ತೇಜ್ ಚಲ್’ (ಚುರುಕಾಗಿ ನಡೆ) ಎಂದರೆ ನಿಮಿಷಕ್ಕೆ 120 ಹೆಜ್ಜೆ. ವಾರಗಟ್ಟಲೆ ತಾಲೀಮಿನಲ್ಲಿ ನಿಮ್ಮ ಎಡಗಾಲೂ ಪಕ್ಕದವಳ ಎಡಗಾಲೂ ಒಟ್ಟಿಗೆ ನೆಲ ಮುಟ್ಟಿವೆ. ಎದೆ ಸುಮ್ಮನಿರುವುದಾದರೂ ಹೇಗೆ?

ಇಲ್ಲೊಂದು ತೊಡಕಿದೆ. ಮಗ ಇನ್ನೂ ಎತ್ತಿಲ್ಲ, ನಾಳೆ ಎತ್ತಿಯಾನು, ನಾನೇ ಹೇಳಿಬಿಡುತ್ತೇನೆ. ಹೆಜ್ಜೆಗೆ ನ್ಯಾಯ ಅನ್ಯಾಯ ತಿಳಿಯುವುದಿಲ್ಲ. ಸರ್ವಾಧಿಕಾರಿಗಳ ಮೈದಾನಗಳಲ್ಲೂ ಜನ ಇಷ್ಟೇ ಚೆಂದವಾಗಿ ನಡೆದಿದ್ದಾರೆ, ಅವರ ಕಣ್ಣೂ ತುಂಬಿದೆ. ನಮ್ಮೂರನ್ನೇ ನೋಡಿ. ನೀವು ನಡೆದದ್ದು ಹಳಬರು ‘ದಂಡು’ ಎನ್ನುವ ಕಡೆ. ಶ್ರೀರಂಗಪಟ್ಟಣದಲ್ಲಿದ್ದ ಬ್ರಿಟಿಷ್ ಪಡೆಯನ್ನು 1809ರ ಹೊತ್ತಿಗೆ ಬೆಂಗಳೂರಿಗೆ ತಂದು ಕಟ್ಟಿದ ಊರು ಅದು. 1881ರಲ್ಲಿ ಮೈಸೂರು ಸಂಸ್ಥಾನ ಒಡೆಯರ ಕೈಗೆ ಮರಳಿದಾಗಲೂ ದಂಡನ್ನು ಬ್ರಿಟಿಷರು ಬಿಟ್ಟುಕೊಡಲಿಲ್ಲ. ಅದು ಸಂಸ್ಥಾನಕ್ಕೆ ಸೇರಿದ್ದು 1947ರ ಜುಲೈ ಕೊನೆಯಲ್ಲಿ, ಸ್ವಾತಂತ್ರ್ಯಕ್ಕೆ ಮೂರೇ ವಾರ ಇದ್ದಾಗ. ಅಲ್ಲಿಯವರೆಗೆ ದಂಡಿನಲ್ಲಿ ಬ್ಯಾಂಡು ನುಡಿದದ್ದು ಯಾರದೋ ದೊರೆಗಾಗಿ. ಆಗ ಹೆಜ್ಜೆ ಹಾಕಿದವರಿಗೂ ಮೈ ಜುಮ್ಮೆಂದಿರಬೇಕು.

ಆದ್ದರಿಂದ ಕಣ್ಣು ತುಂಬಿತೋ ಇಲ್ಲವೋ ಎಂಬುದಕ್ಕಿಂತ, ಯಾವುದಕ್ಕೆ ತುಂಬಿತು ಎಂಬುದು ನನಗೆ ಮುಖ್ಯ. 1938ರ ಏಪ್ರಿಲ್‌ನಲ್ಲಿ ಸಂಸ್ಥಾನದಲ್ಲಿ ಕಾಂಗ್ರೆಸ್ಸಿನ ತ್ರಿವರ್ಣ ಬಾವುಟ ಹಾರಿಸಕೂಡದೆಂಬ ನಿಷೇಧವಿತ್ತು. ಮದ್ದೂರಿನ ಶಿವಪುರದಲ್ಲಿ ಅದನ್ನು ಮೀರಿ ಹಾರಿಸಿದರು. ಅದೇ ತಿಂಗಳ 25ರಂದು ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಹೆಣಗಳು ಬಿದ್ದವು. ದೆಹಲಿಯಲ್ಲಿ ಸ್ವಾತಂತ್ರ್ಯ ಬಂದ ಮೇಲೂ ನಮ್ಮವರು ಜವಾಬ್ದಾರಿ ಸರ್ಕಾರಕ್ಕಾಗಿ ‘ಮೈಸೂರು ಚಲೋ’ ಎಂದು ಬೀದಿಗಿಳಿದು ಜೈಲಿಗೆ ಹೋಗಬೇಕಾಯಿತು. ಮೊದಲ ಮುಖ್ಯಮಂತ್ರಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದದ್ದು 1947ರ ಅಕ್ಟೋಬರಿನಲ್ಲಿ. ಇದನ್ನು ನಿಮಗೆ ಹೇಳಲು ಕಾರಣವಿದೆ. ಅಂದು ಈ ನೆಲದಲ್ಲಿ ಸಮವಸ್ತ್ರ ತೊಟ್ಟವರ ಕೆಲಸ ಬಾವುಟ ಏರದಂತೆ ತಡೆಯುವುದಾಗಿತ್ತು. ನೀವು ಸಮವಸ್ತ್ರ ತೊಟ್ಟೇ ಅದಕ್ಕೆ ವಂದಿಸಿ ಬಂದಿದ್ದೀರಿ. ಹೊಲಿಗೆ ಮಿಷನ್ ಮುಚ್ಚಿಟ್ಟು, ನಸುಕಿನ ಬಸ್ಸು ಹತ್ತಿ. ಇಷ್ಟಾದ ಮೇಲೆ ಬ್ಯಾಂಡು ಕೊಂಚ ಸಹಾಯ ಮಾಡಿದರೆ ಮಾಡಲಿ ಬಿಡಿ.

ಪತ್ರದ ಕೊನೆಗೆ “ಈಗಿನ ಹುಡುಗರಿಗೆ ದೇಶದ ಅಭಿಮಾನವೇ ಇಲ್ಲ” ಎಂದೂ ಬರೆದಿದ್ದೀರಿ. ಅದನ್ನು ಮಾತ್ರ ಒಪ್ಪಲಾರೆ. ಪ್ರಶ್ನೆ ಕೇಳುವ ಹುಡುಗನಿಗೆ ಅಭಿಮಾನವಿಲ್ಲ ಎಂದು ತೀರ್ಮಾನಿಸಲು ನಮ್ಮಲ್ಲಿ ಈಗಾಗಲೇ ಬೇಕಾದಷ್ಟು ಜನರಿದ್ದಾರೆ, ತಾಯಂದಿರೂ ಸೇರುವುದು ಬೇಡ.

ಇನ್ನು ಬಲತುದಿ. ದಯವಿಟ್ಟು ಸಾಲು ಬದಲಿಸಲು ಕೇಳಬೇಡಿ. ನಾನು ಹೈಸ್ಕೂಲಿನ ಎನ್‌ಸಿಸಿಯಲ್ಲಿ ಅದೇ ಸಾಲಿನವನು. ಶಿಸ್ತಿಗೆ ಮೆಚ್ಚಿ ಹಾಕಿದ್ದಲ್ಲ. ನಾನು ಕತ್ತು ತಿರುಗಿಸಿದರೆ ಕಾಲೂ ಅತ್ತಲೇ ತಿರುಗುತ್ತಿತ್ತು, ನೋಡಿ ನೋಡಿ ಸಾಕಾಗಿ ಉಸ್ತಾದರು ನನ್ನನ್ನು ಅಲ್ಲಿಗೆ ತಳ್ಳಿದರು. ತುಕಡಿಗೆ ತುಕಡಿಯೇ ಬಲಕ್ಕೆ ನೋಡುವಾಗ ಒಂದು ಸಾಲಾದರೂ ನೇರ ನೋಡದಿದ್ದರೆ ಎಲ್ಲರೂ ಓರೆಯಾಗಿ ವೇದಿಕೆಗೇ ನುಗ್ಗಿಯಾರು. ಉಳಿದವರು ವೇದಿಕೆಯತ್ತ ನೋಡಬಲ್ಲದ್ದೇ ನೀವು ನೋಡದೆ ಇರುವುದರಿಂದ. ಹಾಗೆ ನೋಡಿದರೆ ವೇದಿಕೆಯ ಮೇಲೆ ಕಳೆದುಕೊಳ್ಳುವಂಥದ್ದೂ ಹೆಚ್ಚಿಲ್ಲ (ಗಣ್ಯರು ಕ್ಷಮಿಸಬೇಕು). ಆಗಸ್ಟಿನಲ್ಲಿ ಮುಖ್ಯಮಂತ್ರಿ, ಜನವರಿಯಲ್ಲಿ ರಾಜ್ಯಪಾಲರು. ಆಗಸ್ಟ್ 15ರ ಬಾವುಟ ಮುಖ್ಯಮಂತ್ರಿಗಳ ಪಾಲಿಗೆ ಬಂದದ್ದೇ 1974ರಿಂದ. ಅಲ್ಲಿ ನಿಲ್ಲುವವರು ಬದಲಾಗುತ್ತಲೇ ಇರುತ್ತಾರೆ. ಇದೇ ಮೈದಾನದಲ್ಲಿ ಕಣ್ಣು ಕಾಣದ ಮಕ್ಕಳ ತುಕಡಿಯೂ ನಡೆದಿದೆ. ಅವರು ಬಾವುಟವನ್ನು ಎಂದೂ ನೋಡಿದವರಲ್ಲ.

ಎನ್‌ಸಿಸಿಯ ಆ ಸಾಲಿನಲ್ಲಿ ನಾನು ಅಂದು ಕಂಡದ್ದು ಮುಂದಿನ ಹುಡುಗನ ಕತ್ತು. ಹಿಂದಿನ ದಿನ ಕ್ಷೌರ ಮಾಡಿಸಿಕೊಂಡಿದ್ದ, ಕಿವಿಯ ಹಿಂದೆ ಕತ್ತಿ ತಾಗಿದ ಗೀರು, ಅದರ ಮೇಲೆ ಇಳಿಯುತ್ತಿದ್ದ ಬೆವರು. ಭಾಷಣದ ಒಂದು ಮಾತೂ ನೆನಪಿಲ್ಲ. ಆ ಕತ್ತನ್ನು ಈಗಲೂ ಗುರುತು ಹಿಡಿಯಬಲ್ಲೆ.

ಹೊಸ ಬೂಟಾದರೆ ಈಗಿನಿಂದಲೇ ಮನೆಯಲ್ಲಿ ತೊಟ್ಟು ಓಡಾಡಿ, ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಹಚ್ಚಿ. ಹೆಜ್ಜೆ ತಪ್ಪಿದರೆ ಗಾಬರಿ ಬೇಡ, ‘ಕದಮ್ ಬದಲ್’ (ಹೆಜ್ಜೆ ಬದಲಿಸು) ಕಲಿಸಿರುವುದು ಅದಕ್ಕೇ. ಮಗನಿಗೆ ಮನಸ್ಸಿದ್ದರೆ ಎಂ.ಜಿ. ರಸ್ತೆಯವರೆಗೆ ಮೆಟ್ರೊದಲ್ಲಿ ಬರಲಿ, ಅಲ್ಲಿಂದ ನಡೆದರೆ ಮೈದಾನ. ಮನಸ್ಸಿಲ್ಲದಿದ್ದರೆ ಮಲಗಿರಲಿ. ನೀವು ವಾಪಸು ಬರುವ ಹೊತ್ತಿಗೆ ಚಿತ್ರಾನ್ನ ಮಾಡಿಟ್ಟಿರಬೇಕು ಎಂದಷ್ಟೇ ಹೇಳಿ.

– ಸಂ.