ಅಕಾಡೆಮಿಯ ಫೆಲೋ ಆಗೋದಕ್ಕೆ ಅರ್ಜಿ ಎಲ್ಲಿ ಸಿಗುತ್ತದೆ?

ಪ್ರಶ್ನೆ: ನನ್ನ ಮಗಳು ಪುಣೆಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ರಸಾಯನಶಾಸ್ತ್ರದ ವಿಜ್ಞಾನಿ. ಈಚೆಗೆ ಅವಳ ಸಹೋದ್ಯೋಗಿಯೊಬ್ಬರು ವಿಜ್ಞಾನ ಅಕಾಡೆಮಿಯ ಫೆಲೋ ಆದರು. "ನೀನೂ ಅರ್ಜಿ ಹಾಕು" ಅಂದರೆ, "ಅಮ್ಮಾ, ಅದಕ್ಕೆಲ್ಲ ಅರ್ಜಿ ಇರಲ್ಲ" ಅಂತಾಳೆ. ಅರ್ಜಿಯೇ ಇಲ್ಲದೆ ಆಯ್ಕೆ ಹೇಗೆ? ಗುರುತು ಪರಿಚಯ ಇದ್ದವರಿಗಷ್ಟೇನಾ?
ಡೊಂಬಿವಲಿಯ ಓದುಗರು

ಉತ್ತರ: ನಿಮ್ಮ ಮಗಳು ಹೇಳಿದ್ದು ಸರಿ, ಅಮ್ಮ. ಇಲ್ಲಿ ತಾನೇ ಅರ್ಜಿ ಹಾಕುವ ಹಾಗಿಲ್ಲ. ಫೆಲೋ ಅಂದರೆ ಅಕಾಡೆಮಿಗೆ ಆಯ್ಕೆಯಾದ ಸದಸ್ಯರು. ಈಗಾಗಲೇ ಫೆಲೋ ಆಗಿರುವವರು ಹೆಸರು ಸೂಚಿಸಬೇಕು.

ನಮ್ಮ ದೇಶದಲ್ಲಿ ಮೂರು ದೊಡ್ಡ ವಿಜ್ಞಾನ ಅಕಾಡೆಮಿಗಳಿವೆ. 1930ರಲ್ಲಿ ಮೇಘನಾದ ಸಾಹಾ ಅವರ ಮುಂದಾಳತ್ವದಲ್ಲಿ ಅಲಹಾಬಾದಿನಲ್ಲಿ ಶುರುವಾದದ್ದು ಒಂದು. 1934ರಲ್ಲಿ ಸಿ.ವಿ. ರಾಮನ್ ಬೆಂಗಳೂರಿನಲ್ಲಿ ಕಟ್ಟಿದ್ದು ಇನ್ನೊಂದು. ಮೂರನೆಯದು 1935ರಲ್ಲಿ ಕೋಲ್ಕತ್ತದಲ್ಲಿ ಹುಟ್ಟಿ ಈಗ ದೆಹಲಿಯಲ್ಲಿರುವ ಇನ್ಸಾ, ಅಂದರೆ ಭಾರತೀಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ. ನಿಯಮಗಳಲ್ಲಿ ಸಣ್ಣಪುಟ್ಟ ವ್ಯತ್ಯಾಸ ಇದ್ದೇ ಇದೆ. ದಾರಿ ಮಾತ್ರ ಹೆಚ್ಚುಕಡಿಮೆ ಒಂದೇ. ಮೊದಲು ಫೆಲೋಗಳು ಹೆಸರು ಸೂಚಿಸುತ್ತಾರೆ. ಆಮೇಲೆ ಆಯಾ ವಿಷಯದ ಸಮಿತಿ ಕೂತು ಆ ಹೆಸರುಗಳನ್ನು ಅಳೆದು ತೂಗುತ್ತದೆ. ಸಮಿತಿ ಒಪ್ಪಿದ ಹೆಸರುಗಳು ಅಕಾಡೆಮಿಯ ಕೌನ್ಸಿಲ್ ಮುಂದೆ ಹೋಗುತ್ತವೆ. ಕೊನೆಗೆ ಫೆಲೋಗಳ ಮತ.

ನಿಜವಾದ ಕೆಲಸ ಇರುವುದು ಮೊದಲ ಹೆಜ್ಜೆಯಲ್ಲಿ. ಹೆಸರು ಸೂಚಿಸುವವರು ಸುಮ್ನೆ ಸಹಿ ಹಾಕಿದರೆ ಸಾಲದು. ಈ ವಿಜ್ಞಾನಿ ಹೊಸದಾಗಿ ಏನು ಕಂಡುಹಿಡಿದರು, ಅದರಿಂದ ಆ ವಿಷಯದಲ್ಲಿ ಏನು ಬದಲಾಯಿತು ಅನ್ನುವುದನ್ನು ಕೆಲವೇ ಸಾಲುಗಳಲ್ಲಿ ಬರೆಯಬೇಕು. ಮುಖ್ಯವಾದ ಪ್ರಬಂಧಗಳನ್ನು ಆರಿಸಿ ಕೊಡಬೇಕು. "ನೂರಾರು ಪ್ರಬಂಧ ಬರೆದಿದ್ದಾರೆ, ತುಂಬಾ ಶ್ರಮಜೀವಿ" ಅಂತ ಬರೆದರೆ ಸಮಿತಿಯಲ್ಲಿ ಆ ಹೆಸರು ನಿಲ್ಲುವುದು ಕಷ್ಟ. ಪಿಎಚ್‌ಡಿ ಗೈಡ್ ನೆರಳಿನಿಂದ ಹೊರಬಂದು ಸ್ವಂತವಾಗಿ ಮಾಡಿದ್ದೇನು ಎಂದು ಸಮಿತಿಯವರು ಹುಡುಕುತ್ತಾರೆ.

ಇದಕ್ಕೆ ಮುಂಬೈನದೇ ಒಂದು ಹಳೆಯ ಉದಾಹರಣೆ ಇದೆ. ಲಂಡನ್ನಿನ ವಿಜ್ಞಾನ ಅಕಾಡೆಮಿಯಾದ ರಾಯಲ್ ಸೊಸೈಟಿಗೆ ಆಯ್ಕೆಯಾದ ಮೊದಲ ಭಾರತೀಯ ನಮ್ಮ ಊರಿನ ಹಡಗು ಎಂಜಿನಿಯರ್ ಅರ್ದಶೀರ್ ಕರ್ಸೆಟ್‌ಜಿ ವಾಡಿಯಾ. ವರ್ಷ 1841. ಅವರ ಹೆಸರು ಸೂಚಿಸಿದ ಪತ್ರದಲ್ಲಿ ಸುಮ್ಮನೆ ಹೊಗಳಿಕೆ ಇರಲಿಲ್ಲ. ಹಡಗು ಕಟ್ಟುವ ವಿದ್ಯೆಯನ್ನು ಚೆನ್ನಾಗಿ ಬಲ್ಲವರು, ಮುಂಬೈಗೆ ಗ್ಯಾಸ್ ದೀಪ ತಂದವರು ಎಂದು ಮಾಡಿದ ಕೆಲಸವನ್ನೇ ಹೇಳಿದ್ದರು. ಮಜಗಾಂವ್‌ನ ತಮ್ಮ ಮನೆಯಲ್ಲೇ ಅವರು ಮೊದಲು ಗ್ಯಾಸ್ ದೀಪ ಹಚ್ಚಿ ತೋರಿಸಿದ್ದು.

ಅವರಾದ ಮೇಲೆ ಎರಡನೆಯ ಭಾರತೀಯ ಶ್ರೀನಿವಾಸ ರಾಮಾನುಜನ್. ಅದು 1918ರಲ್ಲಿ. ನಡುವೆ 77 ವರ್ಷ! ಅಷ್ಟು ಕಾಲ ಈ ದೇಶದಲ್ಲಿ ಯೋಗ್ಯರೇ ಇರಲಿಲ್ಲ ಅಂದರೆ ನಾನು ನಂಬುವುದಿಲ್ಲ. ರಾಮಾನುಜನ್ ಪರವಾಗಿ ಕೇಂಬ್ರಿಜ್‌ನಲ್ಲಿ ಗಣಿತಜ್ಞ ಹಾರ್ಡಿ ನಿಂತರು. ಉಳಿದವರ ಪರವಾಗಿ ಯಾರು ನಿಲ್ಲಬೇಕಿತ್ತು? ಒಳಗಿರುವವರ ಕಣ್ಣಿಗೆ ಬೀಳದವರ ಹೆಸರು ಮತದವರೆಗೆ ಹೋಗುವುದೇ ಇಲ್ಲ. ರಾಯಲ್ ಸೊಸೈಟಿಗೆ ಭಾರತದಲ್ಲೇ ಕೆಲಸ ಮಾಡುತ್ತಿದ್ದ ಮೊದಲ ಮಹಿಳಾ ವಿಜ್ಞಾನಿ ಆಯ್ಕೆಯಾದದ್ದು 2019ರಲ್ಲಿ, ವೆಲ್ಲೂರಿನ ಗಗನ್‌ದೀಪ್ ಕಾಂಗ್.

ಹಾಗಾಗಿ ನಿಮ್ಮ ಕೊನೆಯ ಪ್ರಶ್ನೆಗೆ ನೇರವಾಗಿ ಹೇಳುತ್ತೇನೆ. ಪರಿಚಯ ಬೇಕು. ಆದರೆ ಪರಿಚಯ ಆಗಬೇಕಾದದ್ದು ಕೆಲಸದ್ದು, ಮನುಷ್ಯರದ್ದಲ್ಲ. ದೊಡ್ಡ ಸಂಸ್ಥೆಗಳಲ್ಲಿ ಪಕ್ಕದ ಕೋಣೆಯಲ್ಲೇ ಫೆಲೋ ಒಬ್ಬರು ಇರುತ್ತಾರೆ. ಸಣ್ಣ ಊರಿನ ಕಾಲೇಜಿನಲ್ಲಿ ಅಷ್ಟೇ ಒಳ್ಳೆಯ ಕೆಲಸ ಮಾಡುವವರಿಗೆ ಆ ಅನುಕೂಲ ಇಲ್ಲ. ಈ ಅನ್ಯಾಯವನ್ನು ಸರಿಮಾಡುವ ಹೊಣೆ ಫೆಲೋಗಳದ್ದೇ. ತಮ್ಮ ಶಿಷ್ಯರ ಆಚೆಗೂ ಅವರು ಹುಡುಕಿಕೊಂಡು ಹೋಗಬೇಕು.

ಮಗಳಿಗೆ ಹೇಳಿ: ಬೇರೆ ಊರುಗಳಿಗೆ ಹೋಗಿ ಉಪನ್ಯಾಸ ಕೊಡಲಿ. ತನ್ನ ವಿಷಯದ ಹಿರಿಯರಿಗೆ ಹೊಸ ಪ್ರಬಂಧ ಕಳಿಸಲಿ. "ಸರ್, ನನ್ನ ಕೆಲಸ ಒಮ್ಮೆ ನೋಡಿ" ಅನ್ನುವುದರಲ್ಲಿ ತಪ್ಪೇನಿಲ್ಲ. ಮತ ಕೇಳಿಕೊಂಡು ಹೋಗುವುದು ತಪ್ಪು. ಇನ್ನೊಂದು ಎಚ್ಚರಿಕೆ: "ನಿಮ್ಮನ್ನು ಫೆಲೋ ಆಗಿ ಆರಿಸಿದ್ದೇವೆ, ಮೊದಲು ಇಷ್ಟು ಡಾಲರ್ ಕಟ್ಟಿ" ಎಂಬ ಇಮೇಲ್‌ಗಳು ಈಗ ಜಾಸ್ತಿ. ಅವನ್ನು ಡಿಲೀಟ್ ಮಾಡಲಿ.

ಪ್ರಶ್ನೆ: ಒಂದು ಸಲ ಆಯ್ಕೆಯಾಗದಿದ್ದರೆ ಮತ್ತೆ ಅವಕಾಶ ಇದೆಯಾ?
ವಾಸ್ಕೋದ ವಿದ್ಯಾರ್ಥಿ

ಉತ್ತರ: ಇದೆ. ಮೊದಲ ವರ್ಷವೇ ಆಯ್ಕೆಯಾಗುವವರು ಕಡಿಮೆ. ರಾಯಲ್ ಸೊಸೈಟಿಯಲ್ಲಿ ಒಮ್ಮೆ ಸೂಚಿಸಿದ ಹೆಸರನ್ನು 7 ವರ್ಷ ಪರಿಗಣಿಸುತ್ತಾರೆ. ಕೊನೆಯ ಸುತ್ತಿನಲ್ಲಿ ಹಾಜರಿದ್ದು ಮತ ಹಾಕುವವರಲ್ಲಿ ಮೂರನೇ ಎರಡರಷ್ಟು ಜನ ಒಪ್ಪಬೇಕು. ನಿಮ್ಮ ಗೋವಾದ ಮಾಶೆಲ್‌ನಲ್ಲಿ ಹುಟ್ಟಿ, ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯವನ್ನು ಮುನ್ನಡೆಸಿದ ರಘುನಾಥ ಮಾಶೇಲ್ಕರ್ ರಾಯಲ್ ಸೊಸೈಟಿಗೆ ಆಯ್ಕೆಯಾದದ್ದು 1998ರಲ್ಲಿ. ಮುಂಬೈನಲ್ಲಿ ಅವರ ಗುರುಗಳಾಗಿದ್ದ ಎಂ.ಎಂ. ಶರ್ಮಾ 1990ರಲ್ಲೇ ಫೆಲೋ ಆಗಿದ್ದರು.

ಆಯ್ಕೆಯಾಗದವರೆಲ್ಲ ಸಣ್ಣವರು ಅಂತ ಮಾತ್ರ ತಿಳಿಯಬೇಡಿ. 1911ರ ಜನವರಿಯಲ್ಲಿ ಫ್ರೆಂಚ್ ವಿಜ್ಞಾನ ಅಕಾಡೆಮಿಯ ಚುನಾವಣೆಯಲ್ಲಿ ಮೇರಿ ಕ್ಯೂರಿ ಒಂದೆರಡು ಮತಗಳಿಂದ ಸೋತರು. ಆಗಲೇ ಅವರ ಬಳಿ ಒಂದು ನೊಬೆಲ್ ಇತ್ತು. ಅದೇ ವರ್ಷ ಎರಡನೆಯದೂ ಬಂತು. ಅವರು ಮತ್ತೆ ಆ ಚುನಾವಣೆಗೆ ನಿಲ್ಲಲಿಲ್ಲ. 1962ರಲ್ಲಿ ಆ ಅಕಾಡೆಮಿ ಮೊದಲ ಬಾರಿಗೆ ಒಬ್ಬ ಮಹಿಳೆಯನ್ನು ಆರಿಸಿತು, ಅದೂ ಪೂರ್ಣ ಸದಸ್ಯತ್ವಕ್ಕಲ್ಲ. ಅವರು ಮಾರ್ಗರೀಟ್ ಪೆರೆ, ಕ್ಯೂರಿಯ ಪ್ರಯೋಗಾಲಯದಲ್ಲೇ ಕೆಲಸ ಕಲಿತವರು.