ಕೆನಡಾ ಪೌರತ್ವ ಸಿಕ್ಕ ಮೇಲೂ ಭಾರತದ ಪಾಸ್‌ಪೋರ್ಟ್ ಇಟ್ಟುಕೊಳ್ಳಬಹುದೇ? ಎರಡು ಪಾಸ್‌ಪೋರ್ಟ್ ಇರುವವರು ಹೇಗೆ ಓಡಾಡುತ್ತಾರೆ?

ಮುಂದಿನ ತಿಂಗಳು ನಿಮ್ಮ ಪ್ರಮಾಣವಚನ, ಆಮೇಲೂ ಭಾರತದ ಪಾಸ್‌ಪೋರ್ಟ್ ಸುಮ್ನೆ ಇಟ್ಕೊಂಡಿರು ಅಂತ ಗೆಳೆಯರು ಹೇಳುತ್ತಿದ್ದಾರೆ ಎಂದು ಬರೆದಿದ್ದೀರಿ. ದಯವಿಟ್ಟು ಆ ಮಾತು ಕೇಳಬೇಡಿ.

ನನ್ನ ಹತ್ತಿರ ಎರಡು ಪಾಸ್‌ಪೋರ್ಟ್ ಇವೆ. ಆದರೆ ಅವು ಕೆನಡಾ ಮತ್ತು ಅಮೆರಿಕದವು. ಟೊರಾಂಟೊದಲ್ಲಿದ್ದಾಗ ಕೆನಡಾ ಪೌರನಾದೆ. ಕೆಲಸದ ಮೇಲೆ ಸಿಯಾಟಲ್‌ಗೆ ಬಂದು ಆಮೇಲೆ ಅಮೆರಿಕದ ಪೌರನೂ ಆದೆ. ಅಮೆರಿಕದವರು ಪ್ರಮಾಣವಚನದಲ್ಲಿ ಬೇರೆ ದೇಶದ ನಿಷ್ಠೆಯನ್ನೆಲ್ಲ ಬಿಟ್ಟೆ ಅಂತ ಬಾಯಿಬಿಟ್ಟು ಹೇಳಿಸುತ್ತಾರೆ. ಕೆನಡಾ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಾವೇ ಅರ್ಜಿ ಹಾಕಿ ಬಿಟ್ಟರೆ ಮಾತ್ರ ಬಿಟ್ಟಂತೆ.

ಭಾರತ ಹಾಗಲ್ಲ. 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, ನೀವಾಗಿಯೇ ಇನ್ನೊಂದು ದೇಶದ ಪೌರತ್ವ ತೆಗೆದುಕೊಂಡರೆ ಭಾರತದ್ದು ತಾನಾಗಿ ಹೋಗುತ್ತದೆ. ಯಾರೂ ಕಾಗದ ಬರೆದು ತಿಳಿಸುವುದಿಲ್ಲ. ಪಾಸ್‌ಪೋರ್ಟ್‌ನ ಅವಧಿ ಇನ್ನೂ ಎಷ್ಟೇ ವರ್ಷ ಇರಲಿ, ಅದನ್ನು ಬಳಸುವಂತಿಲ್ಲ. ಬಳಸಿ ಸಿಕ್ಕಿಬಿದ್ದರೆ ದಂಡ, ತಲೆನೋವು ಎರಡೂ ಗ್ಯಾರಂಟಿ. "ಯಾರಿಗೆ ಗೊತ್ತಾಗುತ್ತೆ?" ಅನ್ನುವವರು ಒಂದು ಯೋಚನೆ ಮಾಡಲಿ. ಬೆಂಗಳೂರಿನಿಂದ ವಾಪಸ್ ಹೊರಡುವಾಗ ಭಾರತದ ಪಾಸ್‌ಪೋರ್ಟ್ ಕೊಟ್ಟರೆ ಕೆನಡಾ ವೀಸಾ ಎಲ್ಲಿ ಅಂತ ಕೇಳುತ್ತಾರೆ. ಪೌರರಾದ ಮೇಲೆ ನಿಮ್ಮ ಪಿಆರ್ (ಕಾಯಂ ನಿವಾಸಿ) ಕಾರ್ಡ್ ನಡೆಯುವುದಿಲ್ಲ. ಆಗ ಜೇಬಿನಿಂದ ಕೆನಡಾ ಪಾಸ್‌ಪೋರ್ಟ್ ತೆಗೆಯಲೇಬೇಕಲ್ವಾ?

ಹಾಗಾಗಿ ಭಾರತದ ಪಾಸ್‌ಪೋರ್ಟನ್ನು ಸರೆಂಡರ್ ಮಾಡಿ. ರದ್ದು ಅಂತ ಸೀಲ್ ಹಾಕಿ ವಾಪಸ್ ಕೊಡುತ್ತಾರೆ, ಜೊತೆಗೆ ಸರೆಂಡರ್ ಸರ್ಟಿಫಿಕೇಟ್. ಅದನ್ನು ಜೋಪಾನವಾಗಿಡಿ, ಓಸಿಐ (ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ) ಅರ್ಜಿಗೆ ಬೇಕು.

ಓಸಿಐ ಅಂದರೆ ಡ್ಯುಯಲ್ ಸಿಟಿಜನ್‌ಶಿಪ್ ಅಂತ ಊರಲ್ಲಿ ತುಂಬ ಜನ ನಂಬಿದ್ದಾರೆ. ಅಲ್ಲ. ಅದು ಜೀವನಪೂರ್ತಿ ನಡೆಯುವ ವೀಸಾ, ಜೊತೆಗೆ ಒಂದಷ್ಟು ಸೌಲಭ್ಯ. ಮತ ಹಾಕುವಂತಿಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ. ನಮ್ಮಂಥವರಿಗೆ ನಿಜವಾಗಿ ತಾಗುವುದು ಜಮೀನಿನ ವಿಷಯ. ಫ್ಲ್ಯಾಟ್, ಸೈಟು ತೆಗೆದುಕೊಳ್ಳಬಹುದು. ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಸಾಗರದ ಹತ್ತಿರ ನಮ್ಮದು ಅಡಿಕೆ ತೋಟ. ಅಪ್ಪ ಬದುಕಿದ್ದಾಗಲೇ ನನ್ನ ಪಾಲನ್ನು ದಾನಪತ್ರ ಮಾಡಿ ಕೊಟ್ಟುಬಿಡುತ್ತೇನೆ ಎಂದು ಹೊರಟಿದ್ದರು. ವಕೀಲರು ತಡೆದರು: ಓಸಿಐಗಳು ಕೃಷಿ ಭೂಮಿಯನ್ನು ದಾನವಾಗಿಯೂ ಪಡೆಯುವಂತಿಲ್ಲ, ವಾರಸಿಕೆಯಲ್ಲಿ ಬಂದರೆ ತೊಂದರೆ ಇಲ್ಲ. ಅಪ್ಪ ವಿಲ್ ಬರೆದರು. ಅವರು ಹೋದ ಮೇಲೆ ಪೌತಿ ಖಾತೆಯಾಗಿ ಪಹಣಿಯಲ್ಲಿ ಅಣ್ಣನ ಹೆಸರಿನ ಕೆಳಗೆ ನನ್ನದೂ ಬಂತು. ಪಕ್ಕದ ಅರ್ಧ ಎಕರೆ ಮಾರಾಟಕ್ಕೆ ಬಂದಾಗ ಮಾತ್ರ ಅಣ್ಣನೊಬ್ಬನೇ ಕೊಂಡ. ನಿಮ್ಮ ಮನೆಯಲ್ಲೂ ಗದ್ದೆ ತೋಟ ಇದ್ದರೆ ಪ್ರಮಾಣವಚನಕ್ಕೆ ಮುಂಚೆಯೇ ಮನೆಯವರ ಜೊತೆ ಕೂತು ಮಾತಾಡಿ.

ಇನ್ನು ಓಡಾಟ. ಇಮಿಗ್ರೇಶನ್ ಕೌಂಟರ್‌ನಲ್ಲಿ ಒಂದು ದೇಶದ ಒಳಗೆ ಯಾವ ಪಾಸ್‌ಪೋರ್ಟ್‌ನಲ್ಲಿ ಹೋದೆನೋ ಅದರಲ್ಲೇ ಹೊರಗೆ ಬರುತ್ತೇನೆ. ವಿಮಾನ ಕಂಪನಿಯ ಕೌಂಟರ್‌ನಲ್ಲಿ ಇಳಿಯುವ ದೇಶಕ್ಕೆ ಬೇಕಾದದ್ದನ್ನು ಕೊಡುತ್ತೇನೆ. ಅಮೆರಿಕದ ಪೌರರು ಅಮೆರಿಕಕ್ಕೆ ಬರುವಾಗಲೂ ಹೊರಡುವಾಗಲೂ ಅಮೆರಿಕದ ಪಾಸ್‌ಪೋರ್ಟನ್ನೇ ಬಳಸಬೇಕೆಂದು ಅಲ್ಲಿ ಕಾನೂನಿದೆ. ಕೆನಡಾಕ್ಕೆ ವಿಮಾನ ಹತ್ತಲು ಎರಡು ಪೌರತ್ವದವರೂ ಕೆನಡಾ ಪಾಸ್‌ಪೋರ್ಟನ್ನೇ ತೋರಿಸಬೇಕು ಅಂತ 2016ರ ನವೆಂಬರ್‌ನಿಂದ ಬಿಗಿ ಮಾಡಿದ್ದಾರೆ. ಅಮೆರಿಕದ ಪಾಸ್‌ಪೋರ್ಟ್ ಇರುವವರಿಗೆ ಮಾತ್ರ ಇದರಲ್ಲಿ ರಿಯಾಯಿತಿ. ನನ್ನ ಓಸಿಐ ಕಾರ್ಡ್‌ನಲ್ಲಿರುವುದು ಕೆನಡಾ ಪಾಸ್‌ಪೋರ್ಟ್ ನಂಬರ್, ಹಾಗಾಗಿ ಬೆಂಗಳೂರಲ್ಲಿ ಅವೆರಡನ್ನೂ ಒಟ್ಟಿಗೆ ಕೊಡುತ್ತೇನೆ. ವಾಪಸ್ ಸಿಯಾಟಲ್‌ನಲ್ಲಿ ಅಮೆರಿಕದ್ದು. ಇಷ್ಟೇ, ಇದರಲ್ಲಿ ಗುಟ್ಟೇನಿಲ್ಲ. ಅಧಿಕಾರಿ ಕೇಳಿದರೆ ಎರಡೂ ಇವೆ ಅಂತ ಹೇಳಿಬಿಡಿ.

ನಿಜವಾದ ಕಾಟ ಹೆಸರಿನದ್ದು. ನನ್ನ ಭಾರತದ ಪಾಸ್‌ಪೋರ್ಟ್‌ನಲ್ಲಿ ಇದ್ದದ್ದು ಒಂದೇ ಹೆಸರು. ಅಮೆರಿಕದ ವೀಸಾಗಳಲ್ಲಿ ಇಂಥವರ ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಅಂತ ಬರೆಯುತ್ತಾರೆ, ಅಂದರೆ 'ಫಸ್ಟ್ ನೇಮ್ ಅನ್‌ನೋನ್', ಮೊದಲ ಹೆಸರು ಗೊತ್ತಿಲ್ಲ ಅಂತ. ಅದೇ ನನ್ನ ಹೆಸರು ಅಂದುಕೊಂಡು 'ಮಿಸ್ಟರ್ ಫ್ನೂ' ಅಂತ ಕೂಗಿದವರೂ ಇದ್ದಾರೆ! ನಿಮ್ಮದೂ ಇನಿಶಿಯಲ್, ಊರ ಹೆಸರು, ಅಪ್ಪನ ಹೆಸರಿನ ಗೊಂದಲವಾದರೆ ಮೊದಲ ದಾಖಲೆಯಲ್ಲೇ ಸರಿಮಾಡಿಸಿ. ಟಿಕೆಟ್ ಮೇಲಿನ ಹೆಸರು ನೀವು ತೋರಿಸುವ ಪಾಸ್‌ಪೋರ್ಟ್‌ಗೆ ಹೊಂದಲೇಬೇಕು.

ಮುಂದೆ ನನ್ನ ಹಾಗೆ ಅಮೆರಿಕದ ಪೌರತ್ವದ ಆಸೆ ಇದ್ದರೆ ತೆರಿಗೆ ನೋಡಿಕೊಳ್ಳಿ. ಕೆನಡಾ ಅಲ್ಲಿ ವಾಸ ಮಾಡುವವರಿಂದ ತೆರಿಗೆ ಕೇಳುತ್ತದೆ. ಅಮೆರಿಕ ತನ್ನ ಪೌರರು ಪ್ರಪಂಚದಲ್ಲಿ ಎಲ್ಲೇ ಇದ್ದರೂ ರಿಟರ್ನ್ ಕೇಳುತ್ತದೆ. ಹೊರದೇಶದ ಖಾತೆಗಳ ಹಣ ಒಟ್ಟು ಸೇರಿ ವರ್ಷದಲ್ಲಿ ಒಂದು ದಿನವಾದರೂ 10,000 ಡಾಲರ್ ದಾಟಿದರೆ ಅದನ್ನೂ ತಿಳಿಸಬೇಕು. ಊರಿನ ಬ್ಯಾಂಕಿನಲ್ಲಿ ಅನಿವಾಸಿಗಳಿಗಿರುವ ಎನ್‌ಆರ್‌ಒ ಖಾತೆ, ಅದರಲ್ಲಿರುವ ಎಫ್‌ಡಿ, ಕೆನಡಾದ ಉಳಿತಾಯ ಎಲ್ಲ ಲೆಕ್ಕಕ್ಕೆ ಬರುತ್ತವೆ. ಕೆನಡಾದಲ್ಲಿ ತೆರಿಗೆಯಿಲ್ಲದ ಟಿಎಫ್‌ಎಸ್‌ಎ ಖಾತೆಯ ಬಡ್ಡಿಗೆ ಅಮೆರಿಕದಲ್ಲಿ ವಿನಾಯಿತಿ ಇಲ್ಲ. ಬರೀ ಓಡಾಟಕ್ಕೆ ಅನುಕೂಲ ಅಂತ ಎರಡನೇ ಪೌರತ್ವ ತೆಗೆದುಕೊಳ್ಳುವವರನ್ನು ಕಂಡರೆ ನನಗೆ ಸ್ವಲ್ಪ ಅಯ್ಯೋ ಅನ್ನಿಸುತ್ತದೆ.

ಸದ್ಯಕ್ಕೆ ನಿಮಗೆ ಮುಖ್ಯವಾದದ್ದು ಕೆಲಸಗಳ ಸಾಲು: ಪ್ರಮಾಣವಚನ, ಕೆನಡಾ ಪಾಸ್‌ಪೋರ್ಟ್, ಸರೆಂಡರ್, ಓಸಿಐ. ಒಂದೊಂದಕ್ಕೂ ಸಮಯ ಹಿಡಿಯುತ್ತದೆ. ತಂಗಿ ಮದುವೆಗೆ ಊರಿಗೆ ಹೋಗಬೇಕು ಅಂದಿದ್ದೀರಲ್ಲ, ತಾರೀಖು ಹತ್ತಿರದಲ್ಲಿದ್ದರೆ ಪ್ರಮಾಣವಚನವನ್ನು ಮುಂದೆ ಹಾಕಲು ಆಗುತ್ತದಾ ಅಂತ ಈಗಲೇ ಕೇಳಿ. ಆಗದಿದ್ದರೆ ಓಸಿಐಗೆ ಕಾಯದೆ ಕೆನಡಾ ಪಾಸ್‌ಪೋರ್ಟ್ ಮೇಲೆ ಭಾರತದ ವೀಸಾ ಹಾಕಿಸಿಕೊಂಡು ಹೋಗಿಬನ್ನಿ.