ಹಳದಿ ಬಣ್ಣ ನಂಬಿ ಬೈಲಿಗೆ ದುಡ್ಡು ಸುರಿಯಬೇಡಿ

ಎಲ್ಲಿ ಮನೆ, ಎಲ್ಲಿ ಕೃಷಿ, ಎಲ್ಲಿ ರಸ್ತೆ ಎಂದು ಮ್ಯಾಪಿನಲ್ಲಿ ಬಣ್ಣ ಹಚ್ಚಿ ಹೇಳುವ ಹೊಸ ಮಾಸ್ಟರ್ ಪ್ಲಾನ್ ತಯಾರಾಗುತ್ತದಂತೆ ಎಂಬ ಸುದ್ದಿ ಎದ್ದರೆ ಸಾಕು, ಮಂಗಳೂರಿನಲ್ಲಿ ಎರಡು ವ್ಯಾಪಾರ ಜೋರಾಗುತ್ತದೆ. ಒಂದು ಜಾಗದ್ದು, ಇನ್ನೊಂದು ಜಾಗದ ಬಗ್ಗೆ ಹೇಳುವ ಸುಳ್ಳಿನದ್ದು. ಈ ಸಲ ಓದುಗರಿಂದ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಎರಡನೆಯದರಿಂದ ಹುಟ್ಟಿದವು. ಊರು ಬೇರೆ, ಹೆಸರು ಬೇರೆ, ಕೇಳುವುದು ಮಾತ್ರ ಒಂದೇ. ಹಾಗಾಗಿ ಒಂದು ಪ್ರಶ್ನೆಗೆ ಉದ್ದಕ್ಕೆ ಬರೆಯುತ್ತೇನೆ. ಆರ್‌ಟಿಸಿ ಓದುವುದು ಹೇಗೆ, ಒಂದು ಸೆಂಟ್ಸ್‌ಗೆ ಎಷ್ಟು ಚದರಡಿ ಎಂದೆಲ್ಲ ಕೇಳಿದವರು ಮನೆಯಲ್ಲಿ ಹಿರಿಯರನ್ನು ಕೇಳಿ. ಇನ್ನೊಂದು ಮಾತು. ನಾನು ಬಿಲ್ಡರ್. ಪ್ಲಾನ್ ಹೇಗೆ ಬಂದರೂ ಅದರಲ್ಲಿ ನನಗೆ ಲಾಭ-ನಷ್ಟ ಉಂಟು. ಅದು ಗೊತ್ತಿಟ್ಟುಕೊಂಡೇ ಓದಿ.

ಪ್ರಶ್ನೆ: ಬಜ್ಪೆ ಕಡೆ 20 ಸೆಂಟ್ಸ್ ಬೈಲು (ತಗ್ಗಿನ) ಗದ್ದೆ ಮಾರಾಟಕ್ಕಿದೆ. ಈಗ ಕೃಷಿ ವಲಯ. ಹೊಸ ಮಾಸ್ಟರ್ ಪ್ಲಾನಿನಲ್ಲಿ ಹಳದಿ (ವಾಸದ ವಲಯ) ಆಗುತ್ತದೆ, ಆಮೇಲೆ ರೇಟು ಮೂರು ಪಟ್ಟು ಎಂದು ಬ್ರೋಕರ್ ಹೇಳುತ್ತಾರೆ. ವಾಟ್ಸ್ಯಾಪ್‌ನಲ್ಲಿ ಮ್ಯಾಪ್ ಕೂಡ ಕಳಿಸಿದ್ದಾರೆ. ಈಗಲೇ ತೆಗೆದುಕೊಳ್ಳಬಹುದೇ?

ಮೊದಲು ಆ ಮ್ಯಾಪ್ ವಿಷಯ. ನನಗೂ ಅದು ನಾಲ್ಕು ಕಡೆಯಿಂದ ಬಂದಿದೆ. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಏನು ಬರೆದಿದೆ ಎಂದು ದೊಡ್ಡದು ಮಾಡಿ ನೋಡಿದ್ದೀರಾ? 'ಪ್ರಸ್ತುತ ಭೂ ಉಪಯೋಗ' ಎಂದಿದೆ. ಪ್ಲಾನ್ ಮಾಡುವ ಮೊದಲು ಇವತ್ತು ಎಲ್ಲಿ ಮನೆ ಉಂಟು, ಎಲ್ಲಿ ಗದ್ದೆ, ಎಲ್ಲಿ ಅಂಗಡಿ ಎಂದು ಸರ್ವೆ ಮಾಡಿ ಬಣ್ಣ ಹಚ್ಚುತ್ತಾರೆ. ಅದರಲ್ಲಿ ಹಳದಿ ಎಂದರೆ ಅಲ್ಲಿ ಈಗಾಗಲೇ ಮನೆಗಳಿವೆ ಎಂದಷ್ಟೇ. ಮುಂದೆ ಏನಾಗುತ್ತದೆ ಎಂದು ಆ ಮ್ಯಾಪ್ ಹೇಳುವುದೇ ಇಲ್ಲ. ಇದು ಬ್ರೋಕರಿಗೆ ಗೊತ್ತಿಲ್ಲದೆ ಇರಬಹುದು, ಗೊತ್ತಿದ್ದೂ ಕಳಿಸಿರಬಹುದು. ನಿಮ್ಮ ದುಡ್ಡಿಗೆ ಎರಡೂ ಒಂದೇ.

ನಿಜವಾದ ಕರಡು ಬಂದರೂ ಅದು ಕರಡೇ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಯೋಜನಾ ಪ್ರಾಧಿಕಾರ ಪ್ಲಾನ್ ಮಾಡಿ ಸರ್ಕಾರಕ್ಕೆ ಕಳಿಸಬೇಕು. ಸರ್ಕಾರ ತಾತ್ಕಾಲಿಕ ಒಪ್ಪಿಗೆ ಕೊಟ್ಟ ಮೇಲೆ ಅದನ್ನು ಪ್ರಕಟಿಸಿ ಜನರಿಂದ ಆಕ್ಷೇಪಣೆ, ಸಲಹೆ ಕೇಳಬೇಕು. ಅದಕ್ಕೆ 60 ದಿನ ಸಮಯ. ಬಂದದ್ದನ್ನೆಲ್ಲ ಪರಿಶೀಲಿಸಿ ಮತ್ತೆ ಸರ್ಕಾರಕ್ಕೆ ಹೋಗಿ ಅಂತಿಮ ಒಪ್ಪಿಗೆ ಸಿಗುವವರೆಗೆ ಹಳೆಯ ಪ್ಲಾನಿನದ್ದೇ ನಡೆ. ಹತ್ತು ವರ್ಷಕ್ಕೊಮ್ಮೆ ಪರಿಷ್ಕರಣೆ ಆಗಬೇಕು ಎಂದು ಕಾಯ್ದೆ ಹೇಳುತ್ತದೆ. ಫೈಲು ಕಾಯ್ದೆಯ ವೇಗದಲ್ಲಿ ಹೋಗುವುದಿಲ್ಲ. ನಾಳೆ ಬರುತ್ತದೆ ಎಂದು ಬ್ಯಾಂಕ್ ಸಾಲ ಮಾಡಿ ಗದ್ದೆ ತೆಗೆದುಕೊಂಡು, ಪ್ಲಾನ್ ಬರುವ ಮೊದಲೇ ಬಡ್ಡಿ ಕಟ್ಟಲಾಗದೆ ಮಾರಿದವರನ್ನು ನೋಡಿದ್ದೇನೆ.

ಸರಿ, ಹಳದಿ ಆಯಿತು ಎಂದೇ ಇಟ್ಟುಕೊಳ್ಳಿ. ಬೈಲು ಬೈಲೇ ಅಲ್ವಾ? ಬಣ್ಣ ಬದಲಾದ ಕೂಡಲೇ ನೀರು ಬೇರೆ ದಾರಿ ಹಿಡಿಯುತ್ತದೆಯೇ? ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ಎರಡು ಕಡೆಯ ಗುಡ್ಡೆಯ ನೀರು ಮಜಲಿಗೆ (ನಡುವಿನ ಎತ್ತರದ ಗದ್ದೆಗೆ) ಇಳಿದು, ಅಲ್ಲಿಂದ ಬೈಲಿಗೆ, ಬೈಲಿನ ತೋಡಿನಿಂದ (ಸಣ್ಣ ಹಳ್ಳದಿಂದ) ಹೊಳೆಗೆ ಹೋಗುತ್ತದೆ. 2018ರ ಮೇ 29ರ ನೆರೆಯಲ್ಲಿ ಮಂಗಳೂರಿನಲ್ಲಿ ಏನಾಯಿತು, 2020ರ ಸೆಪ್ಟೆಂಬರ್‌ನಲ್ಲಿ ನೀರು ನುಗ್ಗಿದಾಗ ಉಡುಪಿಯ ಕಲ್ಸಂಕದಲ್ಲಿ ಏನಾಯಿತು ಎಂದು ಯಾರಿಗೂ ಹೇಳಿಕೊಡಬೇಕಿಲ್ಲ. ಕೊಟ್ಟಾರ ಚೌಕಿಯಲ್ಲಂತೂ ಒಂದು ಜೋರು ಮಳೆ ಬಂದರೆ ಸಾಕು.

ಮಣ್ಣು ತುಂಬಿಸಿದರಾಯಿತು ಎನ್ನುತ್ತೀರಿ. ಲೆಕ್ಕ ಹಾಕಿ. 20 ಸೆಂಟ್ಸ್ ಎಂದರೆ 8,712 ಚದರಡಿ. ರಸ್ತೆ ಮಟ್ಟಕ್ಕೆ ತರಲು ಆರು ಅಡಿ ತುಂಬಿಸಬೇಕಾದರೆ 52,000 ಘನ ಅಡಿಗೂ ಮೇಲೆ ಮಣ್ಣು ಬೇಕು. ಒಂದು ಟಿಪ್ಪರಿಗೆ 250 ಘನ ಅಡಿ ಹಿಡಿದರೂ 200 ಲೋಡು ದಾಟುತ್ತದೆ. ತುಂಬಿಸಿದ್ದು ಒಂದೆರಡು ಮಳೆಗಾಲಕ್ಕೆ ಕುಸಿಯುತ್ತದೆ, ಮತ್ತೆ ಹಾಕಬೇಕು. ಆ ಮಣ್ಣು ಆಕಾಶದಿಂದ ಬೀಳುವುದಿಲ್ಲ, ಯಾವುದೋ ಗುಡ್ಡೆ ಕಡಿದು ಬರುತ್ತದೆ. ಮೇಲಿನ ಮುರಕಲ್ಲು (ಜಂಬಿಟ್ಟಿಗೆ) ಗಟ್ಟಿ, ಅದರ ಅಡಿಯಲ್ಲಿ ಶೇಡಿ ಮಣ್ಣು, ಅಂದರೆ ಮೆದು ಜೇಡಿ. ಒಣಗಿದ್ದಾಗ ಗೋಡೆಯಂತೆ ನಿಲ್ಲುತ್ತದೆ, ನೀರು ಕುಡಿದರೆ ಬಲವೇ ಇರುವುದಿಲ್ಲ. ನೇರ ಕಡಿದು ಬಿಟ್ಟ ಗುಡ್ಡೆ ಮಳೆಗಾಲದಲ್ಲಿ ಜರಿಯುವುದು ಇದಕ್ಕೇ. ಅಂದರೆ ನಿಮ್ಮ ಗದ್ದೆ ಎತ್ತರ ಆಗಲು ಇನ್ನೊಬ್ಬರ ಮನೆಯ ಹಿಂದೆ ಗುಡ್ಡೆ ಸಡಿಲ ಆಗಬೇಕು. ಗದ್ದೆಯ ಜೇಡಿಮಣ್ಣಿನ ಮೇಲೆ ಕಟ್ಟುವಾಗ ಅಡಿಪಾಯದ ಖರ್ಚು ಬೇರೆ. ಗಟ್ಟಿ ನೆಲ ಸಿಗುವವರೆಗೆ ಇಳಿಯಬೇಕು. ಬ್ರೋಕರ್ ಹೇಳುವ 'ಸೆಂಟ್ಸಿಗೆ ಇಷ್ಟು' ಎನ್ನುವುದರಲ್ಲಿ ಇದ್ಯಾವುದೂ ಇಲ್ಲ.

ಪಾಯಿಖಾನೆ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದ್ದೀರಾ? ಅಲ್ಲಿ ಒಳಚರಂಡಿ ಇಲ್ಲದಿದ್ದರೆ ಸೆಪ್ಟಿಕ್ ಟ್ಯಾಂಕು, ಇಂಗುಗುಂಡಿಯೇ ಗತಿ. ಮಳೆಗಾಲದಲ್ಲಿ ಬೈಲಿನ ಬಾವಿಯ ನೀರು ಕೈಗೆ ಸಿಗುವಷ್ಟು ಮೇಲಿರುತ್ತದೆ. ಇಂಗುಗುಂಡಿಯಿಂದ ನೀರು ಇಂಗುವುದಾದರೂ ಎಲ್ಲಿಗೆ? ಪಕ್ಕದ ಮನೆಯ ಬಾವಿಗೆ.

ಜಾಗ ನೋಡಲು ಜನವರಿಯಲ್ಲಿ ಹೋಗಬೇಡಿ. ಬ್ರೋಕರ್‌ಗಳು ಒಣಗಿದ ಗದ್ದೆ ತೋರಿಸಲು ಇಷ್ಟಪಡುವುದು ಸುಮ್ನೆ ಅಲ್ಲ. ಜುಲೈಯಲ್ಲಿ, ಎರಡು ದಿನ ಬಿಡದೆ ಮಳೆ ಬಂದ ಮೇಲೆ ಹೋಗಿ. ಅಕ್ಕಪಕ್ಕದ ಕಂಪೌಂಡ್ ಗೋಡೆಯಲ್ಲಿ ಕೆಸರಿನ ಗೆರೆ ಎಷ್ಟು ಎತ್ತರದಲ್ಲಿದೆ ನೋಡಿ. ತೋಡಿನ ಮೋರಿಯ ಬಾಯಿ ಎಷ್ಟು ಅಗಲ ಇದೆ, ಅದಕ್ಕೆ ಪ್ಲಾಸ್ಟಿಕ್ಕು, ತೆಂಗಿನ ಗರಿ ಸಿಕ್ಕಿಕೊಂಡಿದೆಯೇ ನೋಡಿ. ಹತ್ತಿರದ ಮನೆಯ ಅಜ್ಜಿಯ ಹತ್ತಿರ ನೀರು ಎಲ್ಲಿಯವರೆಗೆ ಬರುತ್ತದೆ ಎಂದು ಕೇಳಿ. ಅವರಿಗೆ ನಿಮ್ಮ ಕಮಿಷನ್ ಬೇಡ, ನಿಜ ಹೇಳುತ್ತಾರೆ.

ಆಮೇಲೆ ರಸ್ತೆ. ಎಷ್ಟು ಮಹಡಿ, ಎಷ್ಟು ಎಫ್‌ಎಆರ್ (ಜಾಗದ ವಿಸ್ತೀರ್ಣಕ್ಕೆ ಎಷ್ಟು ಪಟ್ಟು ಕಟ್ಟಬಹುದು ಎಂಬ ಲೆಕ್ಕ) ಸಿಗುತ್ತದೆ ಎಂಬುದು ಎದುರಿನ ರಸ್ತೆಯ ಅಗಲದ ಮೇಲೆ ಹೋಗುತ್ತದೆ. ಹಳದಿ ವಲಯದಲ್ಲಿ ಹತ್ತಡಿಯ ಪಂಚಾಯತ್ ರಸ್ತೆ ಇರುವ ಜಾಗಕ್ಕಿಂತ, ಸರಿಯಾದ ರಸ್ತೆ ಇರುವ ಸಣ್ಣ ಬೆಟ್ಟು (ಎತ್ತರದ) ಜಾಗಕ್ಕೆ ನಾನು ಜಾಸ್ತಿ ದುಡ್ಡು ಕೊಡುತ್ತೇನೆ. ತೋಡಿನ ಬದಿಯಲ್ಲಾದರೆ ಬಿಡಬೇಕಾದ ಅಂತರವೂ ಉಂಟು. 20 ಸೆಂಟ್ಸಿನಲ್ಲಿ ತೋಡಿಗೆ ಬಿಟ್ಟು, ರಸ್ತೆಗೆ ಬಿಟ್ಟು, ಸೆಟ್‌ಬ್ಯಾಕ್ ಎಂದು ಕಟ್ಟಡದ ಸುತ್ತ ಖಾಲಿ ಜಾಗ ಬಿಟ್ಟು ಏನು ಉಳಿಯುತ್ತದೆ ಎಂದು ಒಬ್ಬ ಇಂಜಿನಿಯರ್ ಹತ್ತಿರ ಗೆರೆ ಎಳೆಸಿ. ನೂರು ವಾಟ್ಸ್ಯಾಪ್ ಮ್ಯಾಪಿಗಿಂತ ಆ ಒಂದು ಹಾಳೆ ಉಪಯೋಗ.

ಇಷ್ಟು ಹೇಳಿದರೂ ತೆಗೆದುಕೊಂಡೇ ತೀರುತ್ತೇನೆ ಎಂದರೆ ಗದ್ದೆಯ ರೇಟು ಮಾತ್ರ ಕೊಡಿ, ಸೈಟಿನ ರೇಟು ಕೊಡಬೇಡಿ. ವಲಯ ಬದಲಾಗುತ್ತದೆ ಎಂದು ಬ್ರೋಕರಿಗೆ ಅಷ್ಟು ಗ್ಯಾರಂಟಿ ಇದ್ದರೆ, ಬದಲಾಗದಿದ್ದರೆ ಮುಂಗಡ ವಾಪಸ್ ಎಂದು ಕರಾರು ಪತ್ರದಲ್ಲಿ ಬರೆಸಿ. ಆಗ ಅವರ ಮುಖ ನೋಡಿ.

ಒಂದು ವೇಳೆ ಗದ್ದೆ ನಿಮ್ಮದೇ ಆಗಿದ್ದು, ಕರಡಿನಲ್ಲಿ ತಪ್ಪು ಬಂದಿದ್ದರೆ 60 ದಿನದೊಳಗೆ ಬರೆದು ಕೊಡಿ. ಬಾಯಿಮಾತಿಗೆ ಬೆಲೆ ಇಲ್ಲ, ಕಾರ್ಪೊರೇಟರ್‌ಗೆ ಫೋನ್ ಮಾಡಿದ್ದಕ್ಕೂ ಇಲ್ಲ. ಗ್ರಾಮ, ಸರ್ವೆ ನಂಬರ್, ಹಿಸ್ಸಾ, ವಿಸ್ತೀರ್ಣ ಬರೆಯಿರಿ. ಆರ್‌ಟಿಸಿ, ಸರ್ವೆ ನಕ್ಷೆ ಲಗತ್ತಿಸಿ. ನಕ್ಷೆಯಲ್ಲಿ ಇಲ್ಲದ ತೋಡು ಜಾಗದಲ್ಲಿ ಹರಿಯುತ್ತಿದ್ದರೆ ಮಳೆಗಾಲದ ಫೋಟೋ ಹಾಕಿ. ಏನು ಬದಲಾಗಬೇಕು ಎಂದು ಒಂದೇ ವಾಕ್ಯದಲ್ಲಿ ಕೇಳಿ. ಸೀಲು, ಸ್ವೀಕೃತಿ ನಂಬರ್ ಇರುವ ಪ್ರತಿ ತೆಗೆದುಕೊಳ್ಳದೆ ಕಚೇರಿಯಿಂದ ಹೊರಗೆ ಬರಬೇಡಿ. 'ನಾನು ಮಾಡಿಸಿ ಕೊಡುತ್ತೇನೆ, ಒಳಗೆ ನಮ್ಮವರು ಇದ್ದಾರೆ' ಎನ್ನುವ ಏಜೆಂಟರಿಗೆ ಐದು ಪೈಸೆ ಕೊಡಬೇಡಿ. ಆಕ್ಷೇಪಣೆ ಹಾಕಲು ಏಜೆಂಟ್ ಬೇಕಿಲ್ಲ, ಒಂದು ಹಾಳೆ ಸಾಕು.

ಪ್ರಶ್ನೆ: ಮಾಸ್ಟರ್ ಪ್ಲಾನ್ ಬರೆಸುವುದೇ ನಿಮ್ಮಂಥ ಬಿಲ್ಡರ್‌ಗಳು. ಹೌದೋ ಅಲ್ಲವೋ?

ಬರೆಸುವುದಿಲ್ಲ. ಆದರೆ ಕರಡು ಬಂದ ಕೂಡಲೇ ಓದುತ್ತೇವೆ, ನಮಗೆ ಬೇಕಾದದ್ದನ್ನು ಬರೆದು ಕೊಡುತ್ತೇವೆ. ನೀವು ಓದುವುದಿಲ್ಲ. ಪ್ಲಾನ್ ಬಂದ ಮೇಲೆ ಒಂದೇ ಸರ್ವೆ ನಂಬರಿನ ಬಣ್ಣ ಬದಲಿಸಲು ಪತ್ರಿಕೆಯಲ್ಲಿ ಸಣ್ಣ ಅಕ್ಷರದ ಪ್ರಕಟಣೆ ಬರುತ್ತದಲ್ಲ, ಅದನ್ನೂ ಓದುವುದಿಲ್ಲ. ಪಕ್ಕದಲ್ಲಿ ಹತ್ತು ಮಹಡಿ ಎದ್ದ ಮೇಲೆ ಕೂಗುತ್ತೀರಿ.

ನನ್ನ ಬೇಡಿಕೆ ಏನು ಎಂದು ಕೇಳಿದರೆ, ಎಲ್ಲವನ್ನೂ ಹಳದಿ ಮಾಡಿ ಎಂದಲ್ಲ. ಇದಕ್ಕೆ ನಮ್ಮವರಿಂದಲೇ ಬೈಗುಳ ತಿಂದಿದ್ದೇನೆ. ಬೈಲು, ತೋಡು ಕೃಷಿಯಲ್ಲೇ ಇರಲಿ. ಬಸ್ಸು ಓಡುವ ರಸ್ತೆಯ ಬದಿಯ ಬೆಟ್ಟು ಜಾಗದಲ್ಲಿ ಜಾಸ್ತಿ ಎಫ್‌ಎಆರ್ ಕೊಡಿ. ರಸ್ತೆಯ ಗೆರೆ ಎಳೆಯುವವರು ಒಮ್ಮೆ ಆ ದಾರಿಯಲ್ಲಿ ನಡೆದು ನೋಡಲಿ. ಈಗ ಏನಾಗುತ್ತದೆ? ಮ್ಯಾಪಿನಲ್ಲಿ ಅಗಲ ರಸ್ತೆ ಇರುತ್ತದೆ, ಯಾರೂ ಜಾಗ ಸ್ವಾಧೀನ ಮಾಡುವುದಿಲ್ಲ. ಹೊಸ ಕಟ್ಟಡದವರು ಲೈಸನ್ಸಿಗೆ ಬಂದಾಗ ಅವರ ಎದುರಿನ ಪಟ್ಟಿ ಮಾತ್ರ ಬಿಡಿಸಿಕೊಳ್ಳುತ್ತಾರೆ. ಅಪಾರ್ಟ್‌ಮೆಂಟ್ ಎದುರು ರಸ್ತೆ ಅಗಲ, ಪಕ್ಕದ ಹಳೆಯ ಹಂಚಿನ ಮನೆಯ ಎದುರು ಇಕ್ಕಟ್ಟು. ಕಡೆಗೆ ರಸ್ತೆ ಹಲ್ಲು ಮುರಿದ ಬಾಚಣಿಗೆಯಂತಾಗುತ್ತದೆ. ಬಿಟ್ಟ ಜಾಗಕ್ಕೆ ಕೊಡುವ ಟಿಡಿಆರ್ ಕಾಗದ (ಬಿಟ್ಟ ಜಾಗದ ಕಟ್ಟುವ ಹಕ್ಕನ್ನು ಬೇರೆ ಕಡೆ ಬಳಸುವ, ಮಾರುವ ಪತ್ರ) ಬೇಗ ಕೈಗೆ ಬಂದರೆ ಹಳೆಯ ಮನೆಯವರೂ ಬಿಡುತ್ತಾರೆ. ತಡ ಮಾಡಿದರೆ ಯಾರು ಬಿಡುತ್ತಾರೆ?

ಮನೆಗಳ ವಿಷಯದಲ್ಲೂ ಒಂದು ಮಾತು. ದೇರಳಕಟ್ಟೆಯಲ್ಲಿ, ಮಣಿಪಾಲದಲ್ಲಿ ಆಸ್ಪತ್ರೆಯ ನರ್ಸ್‌ಗಳು, ಲ್ಯಾಬ್ ಟೆಕ್ನಿಷಿಯನ್‌ಗಳು ಬಾಡಿಗೆಗೆ ಸಣ್ಣ ಮನೆ ಹುಡುಕಿ ಸುಸ್ತಾಗುತ್ತಾರೆ. ನಾವು ಮೂರು ಬೆಡ್‌ರೂಮ್ ಕಟ್ಟುತ್ತೇವೆ. ಕೊಲ್ಲಿ ದೇಶಗಳಲ್ಲಿರುವವರು ತೆಗೆದುಕೊಂಡು ಬೀಗ ಹಾಕುತ್ತಾರೆ. ಲಾಭ ಅದರಲ್ಲೇ ಇರುವವರೆಗೆ ಬಿಲ್ಡರ್ ಅದನ್ನೇ ಕಟ್ಟುತ್ತಾನೆ, ನಾನೂ ಕಟ್ಟುತ್ತೇನೆ. ಪಾರ್ಕಿಂಗ್ ನಿಯಮದಲ್ಲಿ ಸ್ವಲ್ಪ ಸಡಿಲಿಕೆ ಕೊಟ್ಟು, ಇಂಥ ಕಡೆ ಐನೂರು ಚದರಡಿಯ ಮನೆ ಕಟ್ಟಿದರೂ ಗಿಟ್ಟುವ ಹಾಗೆ ಪ್ಲಾನ್ ಮಾಡಿದರೆ ನಾಳೆಯಿಂದಲೇ ಕಟ್ಟುವವರಿದ್ದಾರೆ. ಈ ಸಲಹೆಯನ್ನೂ ಬರೆದು ಕೊಡಬೇಕು. ಬಿಲ್ಡರ್ ಒಬ್ಬನೇ ಕೊಟ್ಟರೆ ಯಾರೂ ನಂಬುವುದಿಲ್ಲ.

ಪ್ರಶ್ನೆ: ಹಳೆಯ ಪ್ಲಾನಿನಲ್ಲಿ ನಮ್ಮ ಜಾಗವನ್ನು ಪಾರ್ಕ್ ಎಂದು ತೋರಿಸಿದ್ದಾರೆ. ಯಾರೂ ತೆಗೆದುಕೊಂಡಿಲ್ಲ, ನಮಗೆ ಕಟ್ಟಲೂ ಬಿಡುವುದಿಲ್ಲ.

ನಿಮ್ಮ ಸಿಟ್ಟು ನ್ಯಾಯ. ಸಾರ್ವಜನಿಕ ಉಪಯೋಗಕ್ಕೆ ಗುರುತಿಸಿದ ಜಾಗವನ್ನು ಐದು ವರ್ಷದಲ್ಲಿ ಪಡೆಯದೆ, ಸ್ವಾಧೀನದ ಕ್ರಮವನ್ನೂ ಶುರು ಮಾಡದೆ ಇದ್ದರೆ ಆ ಮೀಸಲು ತಾನಾಗಿ ಬಿದ್ದುಹೋಗುತ್ತದೆ ಎಂದು ಕಾಯ್ದೆಯ 69ನೇ ಸೆಕ್ಷನ್ ಹೇಳುತ್ತದೆ. ಕಾಗದಗಳನ್ನು ಈ ಕೆಲಸ ಗೊತ್ತಿರುವ ವಕೀಲರಿಗೆ ತೋರಿಸಿ. ಹೊಸ ಕರಡಿನಲ್ಲಿ ಮತ್ತೆ ಪಾರ್ಕಿನ ಹಸಿರು ಬಣ್ಣ ಬಂದಿದೆಯೇ ಎಂದು ನೋಡಿಕೊಳ್ಳಿ. ಹಾಗೆ ಆಗುವುದುಂಟು.

ಪ್ರಶ್ನೆ: ಕನ್ವರ್ಷನ್ (ಕೃಷಿ ಜಮೀನನ್ನು ಕೃಷಿಯೇತರ ಮಾಡಿಸುವುದು) ಆಗಿದೆ. ಇನ್ನು ಅಪಾರ್ಟ್‌ಮೆಂಟ್ ಕಟ್ಟಬಹುದಲ್ಲ?

ಕನ್ವರ್ಷನ್ ಕಂದಾಯ ಇಲಾಖೆಯದ್ದು, ವಲಯ ಯೋಜನಾ ಪ್ರಾಧಿಕಾರದ್ದು, ಲೈಸನ್ಸ್ ಸ್ಥಳೀಯ ಸಂಸ್ಥೆಯದ್ದು. ಒಂದು ಇದ್ದ ಮಾತ್ರಕ್ಕೆ ಉಳಿದದ್ದು ಸಿಗುವುದಿಲ್ಲ.

ಪ್ರಶ್ನೆ: 2020ರ ಭೂ ಸುಧಾರಣಾ ಕಾಯ್ದೆ ತಿದ್ದುಪಡಿ ನಂತರ ಕೃಷಿ ಜಮೀನು ಯಾರು ಬೇಕಾದರೂ ತೆಗೆದುಕೊಳ್ಳಬಹುದು ಅಲ್ವಾ?

ತೆಗೆದುಕೊಳ್ಳಬಹುದು. ಅದರಲ್ಲಿ ಕೃಷಿ ಮಾಡಬಹುದು.

ಪ್ರಶ್ನೆ: 30 ಸೆಂಟ್ಸ್ ವರ್ಗ (ಪಟ್ಟಾ ಜಾಗ), 40 ಸೆಂಟ್ಸ್ ಕುಮ್ಕಿ. ಒಟ್ಟು 70 ಸೆಂಟ್ಸ್ ರೇಟು ಕೇಳುತ್ತಿದ್ದಾರೆ.

ಕುಮ್ಕಿ ಸರ್ಕಾರದ ಜಾಗ. ಅದನ್ನು ನಿಮಗೆ ಮಾರಲು ಅವರು ಯಾರು?

ಪ್ರಶ್ನೆ: ಸೆಟ್‌ಬ್ಯಾಕ್ ಬಿಡದೆ ಕಟ್ಟಿ, ಆಮೇಲೆ ಅಕ್ರಮ-ಸಕ್ರಮದಲ್ಲಿ ಸರಿ ಮಾಡಿಸಬಹುದು ಎಂದು ಮೇಸ್ತ್ರಿ ಹೇಳುತ್ತಾರೆ.

ಕಟ್ಟಡಗಳ ಅಕ್ರಮ-ಸಕ್ರಮಕ್ಕೆ ಸುಪ್ರೀಂ ಕೋರ್ಟ್ 2017ರಲ್ಲಿ ತಡೆ ಕೊಟ್ಟಿತು. ಮೇಸ್ತ್ರಿಯ ಹತ್ತಿರ ಗೋಡೆ ಕಟ್ಟಿಸಿ, ಕಾನೂನು ಕೇಳಬೇಡಿ.

ಪ್ರಶ್ನೆ: ಜಾಗದ ಈಶಾನ್ಯ ಮೂಲೆ ಕತ್ತರಿಸಿದಂತಿದೆ. ವಾಸ್ತು ಪ್ರಕಾರ...

ಮೂಲೆಯಲ್ಲಿ ನಾಗಬನ ಉಂಟೇ, ಕುಟುಂಬದವರಿಗೆಲ್ಲ ಪಾಲು ಆಗಿದೆಯೇ ಎಂದು ಮೊದಲು ನೋಡಿ. ನಮ್ಮ ಊರಿನಲ್ಲಿ ಜಾಗ ಕೋರ್ಟಿಗೆ ಹೋಗುವುದು ಅದರಿಂದ, ಈಶಾನ್ಯದಿಂದ ಅಲ್ಲ.

ಪ್ರಶ್ನೆ: ಕರಡು ಪ್ರಕಟವಾದರೆ ಎಲ್ಲಿ ನೋಡುವುದು?

ಪ್ರಾಧಿಕಾರದ ಕಚೇರಿಯಲ್ಲಿ. ಮಂಗಳೂರಿನವರಿಗೆ ಉರ್ವ ಸ್ಟೋರ್‌ನಲ್ಲಿರುವ ಮೂಡಾ (ಮಂಗಳೂರು ನಗರಾಭಿವೃದ್ಧಿ ಪ್ರಾಧಿಕಾರ) ಕಚೇರಿ. ಹೋಗುವಾಗ ಸರ್ವೆ ನಂಬರ್ ಬರೆದುಕೊಂಡು ಹೋಗಿ. 'ಚರ್ಚ್ ದಾಟಿ ಎಡಕ್ಕೆ ತಿರುಗಿದರೆ ನಮ್ಮ ಜಾಗ' ಎಂದರೆ ಅಲ್ಲಿ ಯಾರಿಗೂ ಹುಡುಕಿ ಕೊಡಲು ಆಗುವುದಿಲ್ಲ.